ನೀರು ಬಿಟ್ಟ ನೆಲ

ಫೆಬ್ರವರಿ 4

ಅಪ್ಪಾ,

ಫೋನು ಮಾಡಿದರೆ ನೀನು ಅರ್ಧಕ್ಕೇ ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ. ಇದನ್ನು ಹರಿದು ಹಾಕಬಹುದು. ಆದರೆ ನೀನು ಹರಿದ ಮೇಲೂ ಚೂರು ಜೋಡಿಸಿಕೊಂಡು ಓದುವ ಪೈಕಿ, ನನಗೆ ಗೊತ್ತು.

ನಮ್ಮ ದಂಡೆ ಕುಸಿಯುತ್ತಿದೆ. ದೋಣಿ ಶೆಡ್ಡಿನ ಹೊಳೆ ಕಡೆಯ ಮೂಲೆಗಂಬದ ಬುಡದಲ್ಲಿ ಮಣ್ಣೇ ಇಲ್ಲ. ಕಂಬ ಛಾವಣಿಯನ್ನು ಹೊತ್ತಿದೆಯೋ, ಛಾವಣಿಯೇ ಕಂಬವನ್ನು ಹಿಡಿದುಕೊಂಡಿದೆಯೋ ಹೇಳುವುದು ಕಷ್ಟ.

ಇದಕ್ಕೆ ಕಾರಣ ಪಕ್ಕದ ಅತಿಥಿಗೃಹದ ಬಿಳಿ ಬೂಟಿನವನು. ನೀನು ಹೋದ ಮೇಲೆ ಅವನು ತನ್ನ ತೋಟದ ಮುಂದೆ, ಹೊಳೆಯೊಳಗೇ, ಕಲ್ಲಿನ ಗೋಡೆ ಎಬ್ಬಿಸಿದ. ಅತಿಥಿಗಳು ಅದರ ಮೇಲೆ ಕುರ್ಚಿ ಹಾಕಿಕೊಂಡು ಕೂರಬೇಕಂತೆ. ಮೇಲಿನಿಂದ ಬರುವ ನೀರು ಆ ಗೋಡೆಗೆ ಬಡಿದು ತಿರುಗಿ ನೇರ ನಮ್ಮ ದಂಡೆಗೆ ಹೊಡೆಯುತ್ತಿದೆ. ಗೋಡೆಯ ತುದಿಗೊಂದು ಗೇಟು ಬೇರೆ. ಎಲ್ಲರೂ ಓಡಾಡುತ್ತಿದ್ದ ದಂಡೆಯ ದಾರಿ ಅಲ್ಲಿಗೆ ಮುಗಿಯಿತು. ಬಲೆ ಅತ್ತೆ ಒದ್ದೆ ಬಲೆ ಹೊತ್ತುಕೊಂಡು ಈಗ ರಸ್ತೆ ಸುತ್ತಿ ಮನೆಗೆ ಹೋಗುತ್ತಾಳೆ. ದಾರಿಯುದ್ದಕ್ಕೂ ಅವನ ವಂಶ ಜಾಲಾಡುತ್ತಾಳೆ, ಅದು ಅವನಿಗೆ ಕೇಳಿಸುವುದಿಲ್ಲ.

ನಾನು ಹೋಗಿ ಕೇಳಿದೆ. ಅವನು ಬಿಳಿ ಬೂಟಿಗೆ ಅಂಟಿದ ಕೆಸರನ್ನು ಕಡ್ಡಿಯಲ್ಲಿ ಕೆರೆಯುತ್ತಾ ನಿಂತಿದ್ದ.

"ನನ್ನ ಜಾಗದ ಮುಂದೆ ನಾನು ಗೋಡೆ ಕಟ್ಟಿದ್ರೆ ನಿನಗೇನಮ್ಮಾ ಕಷ್ಟ?"

"ನಿಮ್ಮ ಗೋಡೆ ನಮ್ಮ ದಂಡೆ ತಿಂತಾ ಇದೆ."

"ಗೋಡೆಗೆ ಬಾಯಿರಲ್ಲ. ಬಾಯಿರೋದು ನಿನಗೆ. ಶಾಲೆ ಬಿಟ್ಟು ಊರ ಉಸಾಬರಿ ಮಾಡೋ ಹುಡುಗಿ ನೀನೇ ಅಲ್ವಾ?"

ನಾನೇ ಎಂದೆ. ಸುಳ್ಳು ಹೇಳಿ ಏನಾಗಬೇಕು?

ಅಪ್ಪಾ, ದಂಡೆ ಕಚೇರಿಗೆ ದೂರು ಕೊಡೋಣ. ಮನೆ ವ್ಯವಹಾರಕ್ಕೆಲ್ಲ ಇವಳೇ ಎಂದು ನೀನು ಬರೆದುಕೊಟ್ಟ ಕಾಗದ ನನ್ನ ಹತ್ತಿರ ಇದೆ. ಆದರೂ ನಿನ್ನನ್ನು ಒಂದು ಮಾತು ಕೇಳುತ್ತಿದ್ದೇನೆ.

ನಿನ್ನ ಮಗಳು

•

ಫೆಬ್ರವರಿ 19

ಮೊಂಡೀ,

ಕಾಗದ ಸಿಕ್ಕಿತು. ನಾನು ಚೆನ್ನಾಗಿದ್ದೇನೆ. ಇಲ್ಲಿ ಎಲ್ಲ ಕಬ್ಬಿಣದ ಹಡಗು. ಜೀವನವಿಡೀ ಮರ ಕೆತ್ತಿದ ಕೈಯಲ್ಲಿ ತುಕ್ಕು ಕೆರೆಯುವ ಕೆಲಸ. ಉಗುಳಿದರೆ ಉಗುಳೂ ಕೆಂಪು.

ದೂರು ಬೇಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗಿರು. ಕಂಬದ ಬುಡಕ್ಕೆ ಮರಳಿನ ಚೀಲ ಒಟ್ಟು. ಮಳೆಗಾಲ ಕಳೆದ ಮೇಲೆ ನಾನೇ ಬರುತ್ತೇನೆ. ದೋಣಿ ಎಳೆಯುವ ನಮ್ಮ ಕಲ್ಲಿನ ಇಳಿಜಾರಿನ ಮೇಲೆ ಹೊಸ ದೋಣಿಗೆ ಅಡಿಮರ ಇಡುತ್ತೇನೆ. ಆ ಒಂದು ಯೋಚನೆಯಲ್ಲೇ ಇಲ್ಲಿ ದಿನ ತಳ್ಳುತ್ತಿದ್ದೇನೆ. ಅವನ ಗೋಡೆಯ ವಿಷಯ ಆಮೇಲೆ ನೋಡೋಣ.

ಇನ್ನೊಂದು ಮಾತು. ಏನೇ ಆಗಲಿ, ಅಳತೆಯವರನ್ನು ಮಾತ್ರ ನಮ್ಮ ದಂಡೆಗೆ ಕರೆಸಬೇಡ. ಯಾಕೆ ಎಂದು ಕೇಳಬೇಡ.

ಅಪ್ಪ

•

ಮಾರ್ಚ್ 8

ಅಪ್ಪಾ,

ನಿನ್ನ ಕಾಗದ ಬರುವಷ್ಟರಲ್ಲಿ ದೂರು ಕೊಟ್ಟಾಗಿತ್ತು. ಬೇಗ ಬಂದಿದ್ದರೂ ಕೊಡುತ್ತಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

ದಂಡೆ ಕಚೇರಿ ಅಂದರೆ ಒಂದೇ ಕೋಣೆ. ಅಲ್ಲಿ ಒಬ್ಬಳು ಗುಮಾಸ್ತೆ, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಅದನ್ನೇ ಮೇಜಿನ ತುಂಬ ಹುಡುಕುತ್ತಿರುತ್ತಾಳೆ. ನಾನು ಮೊದಲೇ ಕೇಳಿದೆ, "ಹೊಳೆ ಪಕ್ಕ ಮನೆ ಇದ್ರೆ ಹೊಳೆ ನಮ್ಮದಾ ಮೇಡಂ?"

"ಬಸ್ ಸ್ಟ್ಯಾಂಡ್ ಪಕ್ಕ ಮನೆ ಇದ್ರೆ ಬಸ್ಸು ನಿಮ್ಮದಾಗುತ್ತಾ?"

ಆಮೇಲೆ ಪೆನ್ಸಿಲು ಸಿಕ್ಕಿತು. ಮೇಜಿನ ಮೇಲೇ ಒಂದು ಗೆರೆ ಎಳೆದಳು. ಹೊಳೆ ಮಾಮೂಲಾಗಿ ತುಂಬಿ ಹರಿದಾಗ ನೀರು ಎಲ್ಲಿಯವರೆಗೆ ಬರುತ್ತದೋ ಅದು ಗೆರೆ. ಮೇಲಿನದು ಮನೆಯವರದು, ಕೆಳಗಿನದು ಎಲ್ಲರದು. ದಂಡೆಯ ಮನೆಯವರು ನೀರಿಗೆ ಇಳಿಯಬಹುದು, ನೀರು ಸೇದಬಹುದು, ದೋಣಿ ಕಟ್ಟಬಹುದು. ಅದನ್ನು ಯಾರೂ ಕಿತ್ತುಕೊಳ್ಳುವ ಹಾಗಿಲ್ಲ. ಆದರೆ ಗೆರೆಯ ಕೆಳಗೆ ಕೇಳದೆ ಕಲ್ಲು ಕಟ್ಟುವ ಹಾಗಿಲ್ಲ, ಓಡಾಡುವವರನ್ನು ತಡೆಯುವ ಹಾಗಿಲ್ಲ, ತಮ್ಮ ಪಾಲಿನ ನೀರಿನ ಏಟನ್ನು ಪಕ್ಕದವರ ಮೇಲೆ ತಳ್ಳುವ ಹಾಗಿಲ್ಲ.

"ಹಕ್ಕು ಕೇಳೋಕೆ ಎಲ್ಲರೂ ಬರ್ತಾರೆ," ಎಂದಳು. "ಹೋಗುವಾಗ ಹೊಣೆನ ಮಾತ್ರ ಇಲ್ಲೇ ಮರೆತು ಹೋಗ್ತಾರೆ, ಕೊಡೆ ಮರೆತ ಹಾಗೆ."

ನನಗೆ ನಮ್ಮ ಬೀದಿಯ ಮಾತು ನೆನಪಾಯಿತು. ಹೊಳೆ ಹಿಂದೆ ಸರಿದರೆ ಬೇಲಿ ಮುಂದೆ ಸರಿಯಬೇಕು. ಹುಟ್ಟಿದಾಗಿನಿಂದ ಕೇಳಿದ್ದೇನೆ, ಬರ ಬಂದ ವರ್ಷ ಬೀದಿಗೆ ಬೀದಿಯೇ ಗೂಟ ಹಿಡಿದುಕೊಂಡು ನೀರಿನ ಹಿಂದೆ ಇಳಿದದ್ದನ್ನೂ ನೋಡಿದ್ದೇನೆ. ಅದು ಕಾನೂನೇ ಇರಬೇಕು ಅಂದುಕೊಂಡಿದ್ದೆ. ಕೇಳಿದೆ.

"ವರ್ಷ ವರ್ಷ ಚೂರು ಚೂರೇ ಹೊಳೆ ತಾನಾಗಿ ಮಣ್ಣು ತಂದು ಹಾಕಿದ್ರೆ ಅದು ನಿಮ್ಮದು. ಒಂದು ಬರಕ್ಕೆ ನೀರು ಇಳಿದು ನೆಲ ಕಂಡ್ರೆ ಅದು ಹೊಳೆಯದ್ದೇ. ಪಕ್ಕದ ಮನೆಯವರು ಊರಿಗೆ ಹೋಗಿದ್ದಾರೆ ಅಂತ ಅವರ ಮನೆಗೆ ನುಗ್ಗಿ ಅಡುಗೆ ಮಾಡ್ಕೊಂಡು ತಿಂತೀರಾ?"

ಆಗಲೇ ನಮ್ಮ ಇಳಿಜಾರು ಕಣ್ಣ ಮುಂದೆ ಬಂತು. ಆದರೂ ದೂರಿಗೆ ಸಹಿ ಹಾಕಿ ಬಂದೆ.

ಮೊನ್ನೆ ಸರ್ವೆಯವರು ಬಂದರು. ವಯಸ್ಸಾದವರು, ಒಳ್ಳೆಯವರು. ಹಳೆ ಸೇತುವೆಯ ಕಂಬದ ನೀರಿನ ಕಲೆಗೂ ದಂಡೆಯ ಮರಗಳ ಬೇರಿಗೂ ಹೊಂದಿಸಿ ಗೂಟ ನೆಟ್ಟು ದಾರ ಎಳೆದರು. ಬಿಳಿ ಬೂಟಿನವನ ಗೋಡೆ ಪೂರ್ತಿ ದಾರದ ಆಚೆ, ಹೊಳೆ ಕಡೆ. ನಾನು ಒಳಗೊಳಗೇ ಕುಣಿದೆ. ಅವರು ದಾರವನ್ನು ಹಾಗೇ ಹಿಡಿದುಕೊಂಡು ನಮ್ಮ ಕಡೆ ನಡೆದರು. ಅಪ್ಪಾ, ದಾರ ನಮ್ಮ ಇಳಿಜಾರಿನ ಕುತ್ತಿಗೆಯ ಮೇಲೆ ಹಾದುಹೋಯಿತು. ತಲೆ ಮಾತ್ರ ಮೇಲೆ, ಮೈಯೆಲ್ಲ ಕೆಳಗೆ.

ಅವರು ಸುತ್ತ ನೋಡಿ, ದನಿ ತಗ್ಗಿಸಿದರು. "ಇದು ನಿಮ್ಮ ತಾತನ ಕಾಲದ್ದು ಅಲ್ವೇನಮ್ಮಾ? ನಿಯಮ ಬರೋಕೆ ಮುಂಚಿನದಾದ್ರೆ ನಾನೇನೂ ಕೇಳಲ್ಲ. ಒಂದು ಸಾಲು ಬರೆದುಕೊಡು, ಸಾಕು."

'ಹೌದು' ಎಂಬುದು ಬಾಯಿತನಕ ಬಂದಿತ್ತು. ನುಂಗಿದೆ. ವಿಚಾರಣೆಯ ದಿನ ಹೇಳುತ್ತೇನೆ ಎಂದೆ.

ನಿಯಮ ವಯಸ್ಸಿನಲ್ಲಿ ನನಗಿಂತ ದೊಡ್ಡದು, ಅಪ್ಪಾ. ಇಳಿಜಾರು ನನಗಿಂತ ಚಿಕ್ಕದು. ಅದಕ್ಕೆ ಲಂಗದ ತುಂಬ ಜಲ್ಲಿ ಹೊತ್ತವಳು ನಾನೇ. ಅಳತೆಯವರನ್ನು ಯಾಕೆ ಕರೆಸಬೇಡ ಎಂದೆ ಅಂತ ಈಗ ಕೇಳುವುದಿಲ್ಲ.

ನಿನ್ನ ಮಗಳು

•

ಮಾರ್ಚ್ 22

ಮಗಳೇ,

ತಾತನ ಕಾಲದ್ದು ಎಂದು ಬರೆದುಕೊಡು. ಒಂದು ಸಾಲು.

ನಾನು ಯಾರ ಮನೆಗೂ ನುಗ್ಗಿದವನಲ್ಲ. ಆ ವರ್ಷ ಹೊಳೆಯಲ್ಲಿ ಮಕ್ಕಳು ಚೆಂಡಾಡುತ್ತಿದ್ದರು. ನೀರು ಮತ್ತೆ ಬರುತ್ತದೆ ಎಂದು ಯಾರೂ ನಂಬಿರಲಿಲ್ಲ. ಎಲ್ಲರೂ ಬೇಲಿ ಇಳಿಸಿದರು, ನಾನು ಕಲ್ಲು ಇಳಿಸಿದೆ. ಮುಂದಿನ ಮಳೆಗೆ ಅವರ ಬೇಲಿ ತೇಲಿಹೋಯಿತು. ನನ್ನ ಕಲ್ಲು ನಿಂತಿತು. ಚೆನ್ನಾಗಿ ಕಟ್ಟಿದ್ದೇ ನನ್ನ ತಪ್ಪೇ?

ಇಳಿಜಾರು ಹೋದರೆ ದೋಣಿ ಕೆಲಸ ಹೋಯಿತು. ಮತ್ತೆ ನಾನು ಬರುವುದು ಯಾವುದಕ್ಕೆ? ಇಲ್ಲೇ ತುಕ್ಕು ಹಿಡಿಯಲೇ?

ಆ ಕಲ್ಲುಗಳನ್ನು ನಾನೊಬ್ಬನೇ ಹೊತ್ತಿಲ್ಲ. ನೀನೊಬ್ಬಳೂ ಹೊತ್ತಿಲ್ಲ. ಅಷ್ಟು ನೆನಪಿರಲಿ.

ಶಾಲೆ ಬಿಡುವಾಗಲೂ ನೀನು ಇದೇ ಮೊಂಡುತನ ಮಾಡಿದೆ. ಮೇಷ್ಟ್ರು ಬರೆಸಿದ್ದು ತಪ್ಪು ಎಂದು ನಿಂತೆ, ಕ್ಷಮೆ ಕೇಳು ಅಂದರೆ ಕೇಳಲಿಲ್ಲ, ಚೀಲ ಎತ್ತಿಕೊಂಡು ಬಂದೆ. ಅವತ್ತು ನಾನು ಏನೂ ಅನ್ನಲಿಲ್ಲ. ಇವತ್ತು ಅನ್ನುತ್ತಿದ್ದೇನೆ.

ಅಪ್ಪ

•

ಏಪ್ರಿಲ್ 2

ಪಕ್ಕದ ಮನೆಯ ಕುಮಾರಿಯವರಿಗೆ,

ನಮಸ್ಕಾರ. ನೆರೆಹೊರೆಯವರು ಕಚೇರಿ ಮೆಟ್ಟಿಲು ಹತ್ತುವುದು ಇಬ್ಬರಿಗೂ ಶೋಭೆಯಲ್ಲ. ಸರ್ವೆಯವರ ದಾರ ನನ್ನ ಗೋಡೆಯನ್ನಷ್ಟೇ ಅಲ್ಲ, ತಮ್ಮ ತಂದೆಯವರ ಇಳಿಜಾರನ್ನೂ ಮುಟ್ಟಿದೆ ಎಂದು ತಿಳಿದುಬಂದಿತು. ತಾವು ದೂರು ಹಿಂತೆಗೆದುಕೊಂಡರೆ ನಾನು ಇಳಿಜಾರಿನ ವಿಷಯ ಎತ್ತುವುದಿಲ್ಲ. ತಮ್ಮ ಕಂಬದ ಬುಡಕ್ಕೆ ನನ್ನ ಆಳುಗಳೇ ಕಲ್ಲು ತುಂಬಿಕೊಡುತ್ತಾರೆ. ಅತಿಥಿಗೃಹದ ಮುಂಬಾಗಿಲ ಮೇಜಿಗೆ ಒಬ್ಬ ಚುರುಕಾದ ಹುಡುಗಿ ಬೇಕಾಗಿದ್ದಾಳೆ. ಓದಿನ ಪ್ರಮಾಣಪತ್ರ ಕೇಳುವುದಿಲ್ಲ.

ತಮ್ಮ ಹಿತೈಷಿ,
ಅತಿಥಿಗೃಹದ ಮಾಲೀಕ

•

ಏಪ್ರಿಲ್ 3

ಅತಿಥಿಗೃಹದ ಮಾಲೀಕರಿಗೆ,

ನೀವು ಇಳಿಜಾರಿನ ವಿಷಯ ಎತ್ತುವುದು ಬೇಡ. ನಾನೇ ಎತ್ತುತ್ತೇನೆ.

ನಿಮ್ಮ ಮುಂಬಾಗಿಲಲ್ಲಿ ಕೂತರೆ, ಗೇಟಿಗೆ ಬೀಗ ಯಾಕೆ ಎಂದು ಅತಿಥಿಗಳು ನನ್ನನ್ನೇ ಕೇಳುತ್ತಾರೆ. ನಾನು ನಿಜವನ್ನೇ ಹೇಳುತ್ತೇನೆ. ನಿಮಗೇ ನಷ್ಟ.

ಪಕ್ಕದ ಮನೆಯವಳು

•

ಏಪ್ರಿಲ್ 20

ಅಪ್ಪಾ,

ವಿಚಾರಣೆ ಮುಗಿಯಿತು. ಬೇರೆಯವರ ಬಾಯಿಂದ ನಿನಗೆ ಗೊತ್ತಾಗಬಾರದು, ನಾನೇ ಬರೆಯುತ್ತಿದ್ದೇನೆ.

ಅಧಿಕಾರಿ ಎತ್ತರದ ಕುರ್ಚಿಯಲ್ಲಿ ಕೂತಿದ್ದರು. ಫ್ಯಾನು ಅವರ ಮೇಲೆ ಮಾತ್ರ ತಿರುಗುತ್ತಿತ್ತು. ಬಿಳಿ ಬೂಟಿನವನು ವಕೀಲನ ಜೊತೆ ಬಂದಿದ್ದ. ನಾನು ಬಲೆ ಅತ್ತೆಯ ಜೊತೆ ಹೋಗಿದ್ದೆ. ಬಲೆ ಹೊರಗಿಟ್ಟು ಬಾ ಎಂದರೆ ಅವಳು ಕೇಳಲಿಲ್ಲ. ಕೋಣೆಯೆಲ್ಲ ಮೀನಿನ ವಾಸನೆ.

"ಎಷ್ಟರ ತನಕ ಓದಿದ್ದೀಯಮ್ಮ?" ಎಂದರು ಅಧಿಕಾರಿ.

"ಒಂಬತ್ತು ಸಾರ್. ಅರ್ಧಕ್ಕೆ ಬಿಟ್ಟೆ."

"ನಿಮ್ಮ ಇಳಿಜಾರು ಯಾವಾಗಿನದು?"

ಸರ್ವೆಯವರು ನನ್ನ ಮುಖವನ್ನೇ ನೋಡುತ್ತಿದ್ದರು. ತಾತನ ಕಾಲದ್ದು ಅನ್ನು ಮಗಳೇ ಎಂದು ಅವರ ಕಣ್ಣೇ ಹೇಳುತ್ತಿತ್ತು. ನಿನ್ನ ಕಾಗದ ನನ್ನ ಜೇಬಿನಲ್ಲಿತ್ತು. ಅದೂ ಅದನ್ನೇ ಹೇಳುತ್ತಿತ್ತು.

"ಬರದ ವರ್ಷದ್ದು ಸಾರ್. ನಿಯಮ ಬಂದ ಮೇಲೆ ಕಟ್ಟಿದ್ದು. ನನಗೆ ಚೆನ್ನಾಗಿ ನೆನಪಿದೆ, ನಾನೂ ಕಲ್ಲು ಹೊತ್ತಿದ್ದೆ."

ವಕೀಲ ಎದ್ದು ನಿಂತ. "ನೋಡಿ ಸ್ವಾಮಿ. ತಮ್ಮ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದೆ, ಪಕ್ಕದವರ ಎಲೆಯ ನೊಣ ತೋರಿಸೋಕೆ ಬಂದಿದ್ದಾಳೆ."

"ಕತ್ತೆ ನಮ್ಮದೇ ಸಾರ್, ನಾವೇ ಎತ್ತುತ್ತೀವಿ," ಎಂದೆ. "ಅವರ ಎಲೆಯಲ್ಲಿ ನೊಣ ಇದೆ ಅಂತ ಅವರೇ ಒಪ್ಪಿಕೊಂಡ್ರಲ್ಲ, ಅದನ್ನೂ ಬರ್ಕೊಳ್ಳಿ."

ಬಲೆ ಅತ್ತೆ ಎಷ್ಟು ಜೋರಾಗಿ ನಕ್ಕಳೆಂದರೆ ಅವಳನ್ನು ಹೊರಗೆ ಕಳಿಸಿದರು. ಬಲೆಯನ್ನೂ.

ಆದೇಶ ಹೀಗಿದೆ. ಗೋಡೆ, ಗೇಟು, ಇಳಿಜಾರು, ಗೆರೆಯ ಕೆಳಗಿನದೆಲ್ಲ ಮಳೆಗಾಲಕ್ಕೆ ಮುಂಚೆ ಹೋಗಬೇಕು. ದೋಣಿಯನ್ನು ಎಳೆದುಕೊಳ್ಳುವ ಹಕ್ಕು ನಮಗೆ ಇದ್ದೇ ಇದೆ, ಆದರೆ ನೆಲಕ್ಕೆ ಏನನ್ನೂ ಕಟ್ಟಿ ಕೂರಿಸುವ ಹಾಗಿಲ್ಲ. ಯಾರು ಮೊದಲು ಕೀಳಬೇಕು ಎಂಬುದು ಆದೇಶದಲ್ಲಿಲ್ಲ. ಮೆಟ್ಟಿಲಿಳಿಯುವಾಗ ಬಿಳಿ ಬೂಟಿನವನು ನನ್ನ ಪಕ್ಕಕ್ಕೆ ಬಂದ.

"ನೀನು ಮೊದಲು ಕೀಳು, ನೋಡೋಣ. ನಿಮ್ಮಪ್ಪ ಕಟ್ಟಿದ್ದನ್ನ ಕೀಳೋಕೆ ನಿನಗೆ ಕೈ ಬರಲ್ಲ. ನೀನು ಕೀಳದೆ ನಾನೂ ಕೀಳಲ್ಲ."

ನಾಳೆ ಹಾರೆ ಹಿಡಿಯುತ್ತೇನೆ, ಅಪ್ಪಾ. ನೀನು ಬೈದರೂ ಸರಿ. ನಿನ್ನ ಕಲ್ಲಿನ ಹಿಂದೆ ಅವನು ತನ್ನ ಗೋಡೆಯನ್ನು ಬಚ್ಚಿಡುವುದು ನನಗೆ ಸಹಿಸಲಾಗದು.

ನಿನ್ನ ಮಗಳು

•

ಮೇ 11

ಅಪ್ಪಾ,

ನಿನ್ನಿಂದ ಕಾಗದವಿಲ್ಲ. ಫೋನೂ ಎತ್ತುತ್ತಿಲ್ಲ. ನಾನು ಬರೆಯುತ್ತಲೇ ಇರುತ್ತೇನೆ.

ಬೆಳಿಗ್ಗೆ ಬಿಸಿಲೇರುವ ತನಕ ಕೀಳುತ್ತೇನೆ. ಮೇಲಿನ ಸಾಲುಗಳು ಬಂದವು. ಕೈ ಬೊಬ್ಬೆ ಬಂದು ಒಡೆದು ಈಗ ಗಟ್ಟಿಯಾಗಿದೆ, ನಿನ್ನ ಕೈ ಹಾಗೆ. ಕಿತ್ತ ಕಲ್ಲನ್ನು ದಾರದ ಮೇಲ್ಗಡೆ, ನಮ್ಮದೇ ನೆಲದಲ್ಲಿ ಒಟ್ಟುತ್ತಿದ್ದೇನೆ. ಬೀದಿಯವರು ಬಂದು ನೋಡುತ್ತಾರೆ. ಕೆಲವರು ಹುಚ್ಚಿ ಎನ್ನುತ್ತಾರೆ. "ಅಪ್ಪ ಬೆವರು ಸುರಿಸಿ ಕಟ್ಟಿದ, ಮಗಳು ಬೆವರು ಸುರಿಸಿ ಕೆಡವುತ್ತಾಳೆ, ಬೆವರಿಗೇನು ಬರವಿಲ್ಲ ಈ ಮನೆಯಲ್ಲಿ," ಎಂದಳು ಬಲೆ ಅತ್ತೆ. ಎಂದವಳೇ ಸೆರಗು ಸಿಕ್ಕಿಸಿ ಕಲ್ಲು ಎತ್ತಲು ಬಂದಳು.

ಬಿಳಿ ಬೂಟಿನವನು ಗೋಡೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತು ನೋಡಿದ. ಅವನ ಕಡೆಯಿಂದ ಒಂದು ಕಲ್ಲೂ ಅಲ್ಲಾಡಲಿಲ್ಲ. ಅದಕ್ಕೆ ನಿನ್ನ ಡಾಂಬರಿನ ಡಬ್ಬ ತೆಗೆದೆ. ಅವನ ತಿಂಡಿ ಕೋಣೆಯ ಕಿಟಕಿಗಳಿಗೆ ಎದುರಾಗಿರುವ ನಮ್ಮ ಶೆಡ್ಡಿನ ಗೋಡೆಯಿದೆಯಲ್ಲ, ಅದರ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆದೆ:

ನಮ್ಮದು ಕಿತ್ತೆವು. ನಿಮ್ಮದು ಯಾವಾಗ?

ಅತಿಥಿಗಳು ತಿಂಡಿ ತಿನ್ನುತ್ತಾ ಓದುತ್ತಾರೆ. ಒಬ್ಬಾಕೆ ಕಿಟಕಿಯಿಂದಲೇ ಏನು ಕಿತ್ತಿರಿ ಎಂದು ಕೇಳಿದಳು. ಹೇಳಿದೆ. ಆಕೆ ತಟ್ಟೆ ಬಿಟ್ಟು ಗೋಡೆ ನೋಡಲು ಹೋದಳು. ಬಿಳಿ ಬೂಟಿನವನು ಓಡಿ ಬಂದ.

"ಅಳಿಸು ಅದನ್ನ."

"ನಮ್ಮ ಜಾಗದ ಗೋಡೆ ಮೇಲೆ ನಾನು ಬರೆದ್ರೆ ನಿಮಗೇನು ಕಷ್ಟ? ಗೆರೆಯಿಂದ ಮೇಲೇ ಇದೆ, ಅಳೆದು ನೋಡಿ."

ಕಷ್ಟವೆಂದರೆ, ಅಪ್ಪಾ, ಕೊನೆಯ ಸಾಲು ಬರುತ್ತಿಲ್ಲ. ನೀರಿನ ಅಂಚಿನದು. ಹಾರೆ ಬಾಗಿತು, ಕಲ್ಲು ಬಾಗಲಿಲ್ಲ. ಒಂದಕ್ಕೊಂದು ಕೈ ಹಿಡಿದು ಕೂತ ಹಾಗೆ ಕೂತಿವೆ. ಮೋಡ ಕಟ್ಟುತ್ತಿದೆ. ಅದು ಉಳಿದರೆ ಅವನು ಅದನ್ನೇ ತೋರಿಸಿ, ತನ್ನದನ್ನು ಕೀಳದೆ ಕಾಲು ಚಾಚಿ ಕೂರುತ್ತಾನೆ.

ನೀನು ಬೈದಾದರೂ ಬರೆ.

ನಿನ್ನ ಮಗಳು

•

ಮೇ 24

ಮೊಂಡೀ,

ಮೇಲಿನಿಂದ ಮೀಟಬೇಡ. ಹಾರೆ ಹಾಳು ಮಾಡುತ್ತೀಯ.

ಕೊನೆಯ ಸಾಲಿನ ಎಡ ತುದಿಯಲ್ಲಿ, ನೀರಿನೊಳಗೆ ಕೈ ಹಾಕಿದರೆ, ಒಂದು ಸಣ್ಣ ಕಲ್ಲು ಸಿಗುತ್ತದೆ. ಮೇಲೆ ಅಗಲ, ಕೆಳಗೆ ಚೂಪು. ಅದು ಬೆಣೆ. ಸಾಲು ಪೂರ್ತಿ ಅದರ ಮೇಲೆ ನಿಂತಿದೆ. ಅದರ ಪಕ್ಕದ ಮಣ್ಣನ್ನು ಕೈಯಿಂದ ಬಿಡಿಸು. ಮರದ ಕೊಡತಿಯಿಂದ ಕೆಳಗಡೆಯಿಂದ ಮೇಲಕ್ಕೆ ತಟ್ಟು. ಮೆಲ್ಲಗೆ. ಅದು ಬಂದರೆ ಉಳಿದವು ತಾವಾಗಿ ಸಡಿಲವಾಗುತ್ತವೆ. ಕಾಲು ದೂರ ಇಟ್ಟುಕೋ.

ಆ ಬೆಣೆ ನಾನು ಹೊಡೆದದ್ದಲ್ಲ. ನನಗೆ ಅದು ಕೂರುತ್ತಿರಲಿಲ್ಲ. ನಿಮ್ಮಮ್ಮ ಕೊಡತಿ ಕಿತ್ತುಕೊಂಡು ಎರಡೇ ಏಟಿಗೆ ಕೂರಿಸಿದಳು. ಅವಳು ಹೋದ ಮೇಲೆ ಉಳಿದ ಅವಳ ಕೈಗುರುತು ಅದು, ಹೊಳೆಗೆ ಎಸೆಯಬೇಡ.

ಶೆಡ್ಡಿನ ಮೇಲೆ ಕಿತ್ತೆವು ಎಂದು ಬರೆದಿದ್ದೀಯಲ್ಲ. ಒಂದು ಸಾಲು ಹಾಗೇ ಇದೆ. ನಿಜ ನಿಜ ಎಂದು ಊರಿಗೆಲ್ಲ ಹೇಳುವವಳು ಗೋಡೆಯ ತುಂಬ ಸುಳ್ಳು ಬರೆಯಬಾರದು. ಬೇಗ ಕೀಳು.

ಅಪ್ಪ

•

ಜೂನ್ 15

ಅಪ್ಪಾ,

ನಿನ್ನ ಕಾಗದ ಬಂದ ದಿನವೇ ಬೆಣೆ ಬಂತು. ನನಗೂ ಎರಡೇ ಏಟು. ಸಾಲು ತಾನಾಗಿ ಬಾಯಿ ಬಿಟ್ಟಿತು. ಗೋಡೆಯ ಬರಹ ನಿಜವಾಯಿತು. ಅದಕ್ಕೂ ಮುಂಚೆ ಅದು ಸುಳ್ಳೇ ಆಗಿತ್ತು, ಒಪ್ಪಿದೆ.

ಬೆಣೆಯನ್ನು ಶೆಡ್ಡಿನ ಹೊಸ್ತಿಲ ಪಕ್ಕ ನೆಲಕ್ಕೆ ಕೂರಿಸಿದ್ದೇನೆ. ಗೆರೆಯಿಂದ ಮೇಲೆ. ಅದನ್ನು ಯಾವ ಆದೇಶವೂ ಮುಟ್ಟುವುದಿಲ್ಲ.

ಬಿಳಿ ಬೂಟಿನವನಿಗೆ ಕುಂಟುನೆಪಕ್ಕೂ ಏನೂ ಉಳಿಯಲಿಲ್ಲ. ಮೊದಲು ಗೇಟು ಹೋಯಿತು. ಆಮೇಲೂ ಅವನು ಎಳೆದಾಡಿದ. ಅತಿಥಿಗಳು ದಿನಾ ಕೇಳತೊಡಗಿದರು. ಸರ್ವೆಯವರು ಒಂದು ದಿನ ಕೊಡೆ ಹಿಡಿದು ಬಂದು, ನಮ್ಮ ಖಾಲಿ ದಂಡೆಯನ್ನು ನೋಡಿ, ನೇರ ಅವನ ಬಾಗಿಲಿಗೆ ನೋಟೀಸು ಅಂಟಿಸಿ ಹೋದರು. ಈಗ ಅವನ ಆಳುಗಳು ಗೋಡೆ ಕೀಳುತ್ತಿದ್ದಾರೆ. ಅರ್ಧ ಹೋಗಿದೆ. ನೀರು ಆಗಲೇ ನೆಟ್ಟಗೆ ಹರಿಯುತ್ತಿದೆ. ಕಂಬದ ಬುಡಕ್ಕೆ ನಮ್ಮದೇ ಕಲ್ಲು ತುಂಬಿದೆ.

"ಗೆದ್ದೆ ಅಂದುಕೊಂಡಿದ್ದೀಯಾ?" ಎಂದು ಕೇಳಿದ ನಿನ್ನೆ. ಬೂಟು ಕೆಸರಾಗಿತ್ತು, ಕೆರೆಯುವುದನ್ನೂ ಬಿಟ್ಟಿದ್ದಾನೆ. "ನಿನ್ನ ದೋಣಿ ಕೆಲಸಾನೂ ಹೋಯ್ತಲ್ಲ."

ಅದಕ್ಕೆ ಉತ್ತರ ಇವತ್ತು ಸಿಕ್ಕಿತು, ಅದಕ್ಕೇ ಈ ಕಾಗದ. ಮೇಲಿನ ಊರಿನವರು ಸೋರುವ ದೋಣಿಯೊಂದನ್ನು ತಂದರು. ಇಳಿಜಾರು ಎಲ್ಲಿ ಎಂದರು. ಇಲ್ಲ ಎಂದೆ. ಮಳೆ ಹನಿಯುತ್ತಿತ್ತು. ಬಲೆ ಅತ್ತೆ ದಂಡೆಯ ದಾರಿಯಲ್ಲಿ ಬರುತ್ತಿದ್ದಳು, ಅವಳ ಹಿಂದೆ ಬಲೆಯವರೆಲ್ಲ. ನಿನ್ನ ಹಳೆ ದುಂಡು ಮರಗಳನ್ನು ಕೆಸರಿನ ಮೇಲೆ ಅಡ್ಡಡ್ಡ ಹಾಸಿದೆ. ದೋಣಿಗೆ ಹಗ್ಗ ಕಟ್ಟಿ, ಶೆಡ್ಡಿನ ಒಳಗಂಬಕ್ಕೆ ಬಳಸಿ ದಂಡೆಯ ಕಡೆ ತಿರುಗಿಸಿದೆವು. ಹಗ್ಗ ಉದ್ದಕ್ಕೆ, ಗೇಟಿದ್ದ ಜಾಗವನ್ನೂ ದಾಟಿ, ಅವನ ತೋಟದ ಮುಂದೆ ಹಾದುಹೋಯಿತು. ಹಿಡಿಯಲು ಅಷ್ಟು ಕೈ ಬೇಕಿತ್ತು, ಅಷ್ಟು ಕೈ ಇತ್ತು. ದೋಣಿ ಮರದ ಮೇಲೆ ಉರುಳುತ್ತಾ ಗೆರೆ ದಾಟಿ ಶೆಡ್ಡಿನೊಳಗೆ ಬಂತು. ಆಮೇಲೆ ಮರಗಳನ್ನು ಎತ್ತಿ ಒಳಗಿಟ್ಟೆವು. ದಂಡೆಯ ಮೇಲೆ ಏನೂ ಉಳಿಯಲಿಲ್ಲ, ಹೆಜ್ಜೆಗಳನ್ನು ಬಿಟ್ಟು.

ಇಳಿಜಾರಿದ್ದಾಗ ನೀನು ರಾಟೆ ತಿರುಗಿಸಿಕೊಂಡು ಒಬ್ಬನೇ ಎಳೆಯುತ್ತಿದ್ದೆ. ಯಾರನ್ನೂ ಕರೆಯುತ್ತಿರಲಿಲ್ಲ. ಕರೆದಿದ್ದರೆ ಬರುತ್ತಿದ್ದರು ಎಂದು ಬಲೆ ಅತ್ತೆ ಹೇಳುತ್ತಾಳೆ.

ದೋಣಿಯ ಸೋರಿಕೆ ಎಲ್ಲಿ ಎಂದು ನನಗೆ ಸಿಕ್ಕಿದೆ. ಹಲಗೆ ಬದಲಿಸುವುದು ನನಗೆ ಬರುವುದಿಲ್ಲ, ಸುಳ್ಳು ಹೇಳುವುದಿಲ್ಲ. ಅವರಿಗೆ, ನಮ್ಮಪ್ಪ ಬರುತ್ತಾರೆ ಎಂದಿದ್ದೇನೆ. ಅದು ಸುಳ್ಳೋ ನಿಜವೋ ನಿನಗೆ ಬಿಟ್ಟದ್ದು.

ಬಂದರೆ ರಸ್ತೆ ಸುತ್ತಿಕೊಂಡು ಬರಬೇಡ. ಸೇತುವೆಯ ಹತ್ತಿರ ಇಳಿದು ದಂಡೆಯ ಮೇಲೆಯೇ ನಡೆದು ಬಾ. ಗೇಟಿಲ್ಲ.

ನಿನ್ನ ಮೊಂಡಿ